ಬೇಲಿಯ ಲೆಕ್ಕಕ್ಕೆ ಜೊತೆಯಾದವರಿಗೆ

ಕಳೆದ ವಾರ ನನ್ನ ಪಿಎಚ್.ಡಿ. ವೈವಾ ಮುಗಿಯಿತು. ವಿರಾಜಪೇಟೆಯಲ್ಲಿ ಪಾಠ ಮಾಡಿಕೊಂಡು, ಮನೆ-ತೋಟ ನೋಡಿಕೊಂಡು ಗಣಿತದಲ್ಲಿ ಸಂಶೋಧನೆ ಮಾಡುವುದು ಒಬ್ಬಳ ಕೈಲಾಗುವ ಕೆಲಸವಲ್ಲ. ಆಸರೆಯಾದವರನ್ನು ಇಲ್ಲಿ ನೆನೆಯುತ್ತಿದ್ದೇನೆ. ಹೆಸರು ಬರೆಯದಿದ್ದರೂ ಯಾರು ಯಾರೆಂದು ಅವರಿಗೇ ಗೊತ್ತಾಗುತ್ತದೆ.

ಮೊದಲು ಮಾವನವರು. ಆನೆ ಕಾಟಕ್ಕೆ ತೋಟದ ಸುತ್ತ ಬೇಲಿ ಹಾಕಿಸುತ್ತಿದ್ದಾಗ ಅವರು, "ನಿನ್ನ ಪ್ರಬಂಧ ಯಾವುದರ ಮೇಲಮ್ಮ?" ಎಂದು ಕೇಳಿದರು. ಅವರ ಕೈಯಲ್ಲಿದ್ದ ಖರ್ಚಿನ ಪಟ್ಟಿಯನ್ನೇ ಹಿಡಿದು ವಿವರಿಸಿದೆ. ಬಂಡೆ ಇರುವ ಕಡೆ ಕಂಬದ ಗುಂಡಿ ತೋಡಲು ಮೀಟರಿಗೆ ಖರ್ಚು ಹೆಚ್ಚು, ಗದ್ದೆ ಬದಿಯಲ್ಲಿ ಕಡಿಮೆ. ಒಳಗಿನ ಜಾಗದ ಬೆಲೆಯೂ ಎಲ್ಲ ಕಡೆ ಒಂದೇ ಅಲ್ಲ. ಇಷ್ಟು ಬೆಲೆಯ ಜಾಗ ಒಳಗೆ ಬರಬೇಕು, ಬೇಲಿಯ ಖರ್ಚು ಆದಷ್ಟು ಕಡಿಮೆ ಇರಬೇಕು ಎಂದರೆ ಬೇಲಿ ಹೇಗೆ ಹೋಗಬೇಕು? ಖರ್ಚೂ ಬೆಲೆಯೂ ಎಲ್ಲೆಡೆ ಒಂದೇ ಆಗಿದ್ದರೆ ಉತ್ತರ ವೃತ್ತ. ಈ ಖರ್ಚು, ಬೆಲೆಗಳು (ಗಣಿತದಲ್ಲಿ ಇವಕ್ಕೆ ಭಾರ ಎನ್ನುತ್ತೇವೆ) ಜಾಗದಿಂದ ಜಾಗಕ್ಕೆ ಬದಲಾದಾಗ ಆಕಾರ ಹೇಳುವುದು ಬಹಳ ಕಷ್ಟ. ಆದರೂ ಆ ಗಡಿಯಲ್ಲಿ ಮೂಲೆ ಬರುತ್ತದೆಯೇ, ಅದು ಎಷ್ಟು ನಯವಾಗಿರುತ್ತದೆ ಎಂದು ಕೇಳಬಹುದು. ನನ್ನ ವಿಷಯ ಅದೇ.

"ಮಣ್ಣು ಮುಗಿದು ಒಮ್ಮೆಗೇ ಬಂಡೆ ಶುರುವಾದರೆ?" ಎಂದರು ಮಾವ. ಎಂಥ ಪ್ರಶ್ನೆ! ಆ ಗೆರೆಯನ್ನು ಓರೆಯಾಗಿ ದಾಟುವಾಗ ಗಡಿ ನಿಜಕ್ಕೂ ಮುರಿದು ತಿರುಗುತ್ತದೆ, ಬೆಳಕು ಗಾಳಿಯಿಂದ ನೀರಿಗೆ ಹೋಗುವಾಗ ಎಷ್ಟು ಬಾಗುತ್ತದೆಂದು ಹೇಳುವ ಸ್ನೆಲ್ ನಿಯಮವೇ ಅಲ್ಲೂ ನಡೆಯುತ್ತದೆ. ಭಾರ ಹೀಗೆ ಒಮ್ಮೆಗೇ ಜಿಗಿಯಬಾರದೆಂಬ ಷರತ್ತು ಪ್ರಬಂಧದಲ್ಲಿ ಏಕೆ ಎಂದು ವೈವಾದಲ್ಲೂ ಕೇಳಿದರು. ಮಾವನಿಗೆ ಕೊಟ್ಟ ಉತ್ತರವನ್ನೇ ಕೊಟ್ಟೆ.

ನನ್ನ ಗೈಡ್ ಮೇಡಂ ಹಳೆಯದನ್ನು ಅರೆಬರೆ ತಿಳಿದು ಹೊಸದಕ್ಕೆ ಕೈ ಹಾಕಲು ಬಿಡಲಿಲ್ಲ. ಭಾರ ಎಲ್ಲೆಡೆ ಒಂದೇ ಆಗಿರುವ ಸಾಮಾನ್ಯ ಅವಕಾಶದಲ್ಲಿ ಗಣಿತಜ್ಞ ಡಿ ಜಾರ್ಜಿ ಹಾಕಿದ ಅಡಿಪಾಯ, 7 ಆಯಾಮಗಳವರೆಗೆ ಗಡಿ ಪೂರ್ತಿ ನಯವೆಂದು ಖಾತ್ರಿಪಡಿಸಿದ ಸೈಮನ್ಸ್ ಅವರ 1968ರ ಕೆಲಸ, 8 ಆಯಾಮಗಳಲ್ಲಿ ಸೈಮನ್ಸ್ ಶಂಕು ಎಂಬ ಆಕಾರ ತನ್ನ ಚೂಪು ತುದಿಯನ್ನು ಇಟ್ಟುಕೊಂಡೇ ಕನಿಷ್ಠ ಪರಿಧಿಯದ್ದಾಗಿರುತ್ತದೆಂದು 1969ರಲ್ಲಿ ಬೊಂಬಿಯೇರಿ, ಡಿ ಜಾರ್ಜಿ, ಜುಸ್ತಿ ಸಾಧಿಸಿದ್ದು, ಎಲ್ಲವನ್ನೂ ಬೋರ್ಡಿನ ಮೇಲೆ ನನ್ನಿಂದಲೇ ಬರೆಸಿದರು.

ನಾನು ಬಹುಕಾಲ ನಿಂತುಹೋದದ್ದು ಅಳತೆ ಸರಿದೂಗಿಸುವ ಹಂತದಲ್ಲಿ. ಗಡಿಯನ್ನು ಒಂದು ಕಡೆ ತಿದ್ದಿದರೆ ಒಳಗಿನ ಅಳತೆ, ಅಂದರೆ ಜಾಗದ ಒಟ್ಟು ಬೆಲೆ, ಏರುಪೇರಾಗುತ್ತದೆ, ಅದನ್ನು ಇನ್ನೊಂದು ಕಡೆ ಸರಿ ಮಾಡಲು ಪರಿಧಿ, ಅಂದರೆ ಬೇಲಿಯ ಖರ್ಚು, ಹೆಚ್ಚಾಗಿ ತೆರಬೇಕು. ಮೇಡಂ ಚಿಹ್ನೆಗಳನ್ನು ಅಳಿಸಿ ಅಂಕಿ ಹಾಕಿಸಿದರು. ಸಮತಲದಲ್ಲಿ 0.01 ತ್ರಿಜ್ಯದೊಳಗೆ ತಿದ್ದಿದೆವೆನ್ನಿ. ಅಳತೆಯ ವ್ಯತ್ಯಾಸ ಸುಮಾರು 0.0001. ಭಾರ ನಯವಾಗಿದ್ದರೆ ತೆರುವ ಪರಿಧಿಯೂ ಅಷ್ಟೇ, ತಿದ್ದಿದ ತುಂಡಿನ ಪರಿಧಿಯಾದ ಸುಮಾರು 0.01ರ ಮುಂದೆ ಅದು ಲೆಕ್ಕಕ್ಕಿಲ್ಲ. ಭಾರ ಒರಟಾದರೆ ವ್ಯತ್ಯಾಸದ ಒಂದು ಘಾತದಷ್ಟು ತೆರಬೇಕಾಗುತ್ತದೆ. ಆ ಘಾತ ಅರ್ಧವಾದರೆ ತೆರುವುದು 0.0001ರ ವರ್ಗಮೂಲ, ಅಂದರೆ ಮತ್ತೆ 0.01. ಗಳಿಸಿದ್ದೆಲ್ಲ ಹೋಯಿತು! ಘಾತ ಅರ್ಧಕ್ಕಿಂತ ಒಂದಿಷ್ಟು ಮೇಲಿದ್ದರೂ ಸಾಕು, ಗಡಿ ನಯವೆಂಬ ಸಾಧನೆ ಉಳಿಯುತ್ತದೆ. ಭಾರಕ್ಕೆ ಹೋಲ್ಡರ್ ನಿರಂತರತೆ ಇದ್ದರೆ, ಅಂದರೆ ಹತ್ತಿರದ ಎರಡು ಜಾಗಗಳ ಭಾರದ ವ್ಯತ್ಯಾಸ ಅವುಗಳ ದೂರದ ಒಂದು ಘಾತದ ಮಿತಿಯೊಳಗಿದ್ದರೆ, ಸಮತಲದಲ್ಲಿ ನಮ್ಮ ಘಾತ ಅರ್ಧವನ್ನು ದಾಟುತ್ತದೆಂದು ಗಣಿತಜ್ಞರಾದ ಚಿಂಟಿ ಮತ್ತು ಪ್ರಟೆಲ್ಲಿ ತೋರಿಸಿದ್ದಾರೆ. ಆ ಮಧ್ಯಾಹ್ನ ಅದು ನನಗೆ ನಿಜವಾಗಿ ಅರ್ಥವಾಯಿತು. ಮೇಡಂ, ಆ ಮಧ್ಯಾಹ್ನಕ್ಕೆ ನಾನು ಎಂದೆಂದಿಗೂ ಋಣಿ.

ಕಾಫಿ ಕೊಯ್ಲಿನಲ್ಲಿ ಸಂಜೆ ಹಣ್ಣು ತೂಗಿ, ಆಳುಗಳ ಲೆಕ್ಕ ಬರೆಯುವ ಕೆಲಸ ನನ್ನದಾಗಿತ್ತು. ಓರಗಿತ್ತಿ ಕೇಳದೆಯೇ ಅದನ್ನು ವಹಿಸಿಕೊಂಡಳು. ಪರೀಕ್ಷಾ ಡ್ಯೂಟಿ ಬದಲಿಸಿಕೊಂಡ ಸಹೋದ್ಯೋಗಿಗಳಿಗೂ, ಆಟಿ ಮಳೆಯಲ್ಲಿ ಕರೆಂಟು, ಟವರು ಎರಡೂ ಇಲ್ಲದಾಗ ತಮ್ಮ ಮನೆಯ ಇನ್ವರ್ಟರ್ ಪಕ್ಕ ನನಗೊಂದು ಮೇಜು ಹಾಕಿಕೊಟ್ಟ ನೆರೆಮನೆಯ ಅಕ್ಕನಿಗೂ ವಂದನೆ. ಗೋಣಿಕೊಪ್ಪದ ಜೆರಾಕ್ಸ್ ಅಂಗಡಿಯ ಹುಡುಗ ಪ್ರಿಂಟಿನಲ್ಲಿ ಗ್ರೀಕ್ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಿರುವುದನ್ನು ಬೈಂಡಿಂಗ್‌ಗೆ ಮೊದಲೇ ಗಮನಿಸಿ, ಮತ್ತೆ ಪೂರ್ತಿ ತೆಗೆದುಕೊಟ್ಟ. ಅಷ್ಟು ಕಾಳಜಿ ಯಾರು ಮಾಡುತ್ತಾರೆ!

ಪ್ರಬಂಧದ ಒಂದು ಪ್ರತಿ ನಮ್ಮ ಕಾಲೇಜಿನ ಲೈಬ್ರರಿಯಲ್ಲಿದೆ. ಬಿ.ಎಸ್ಸಿ. ಮಕ್ಕಳೇ, ಮೊದಲ ಅಧ್ಯಾಯ ನಿಮಗೆಂದೇ ಬರೆದದ್ದು. ಮೂರನೆಯದರಲ್ಲಿ ಸಿಕ್ಕಿಕೊಂಡರೆ ಸ್ಟಾಫ್ ರೂಮಿಗೆ ಬನ್ನಿ, ಕೂತು ನೋಡೋಣ.