ಗೆಳೆಯನಿಗೊಂದು ಪತ್ರ: ಕೀಲಿ ಇಟ್ಟುಕೊಂಡವನ ಓದು

ಅಂಕೋಲೆ

ಪ್ರಿಯ ಗೆಳೆಯಾ,

ಹೋದ ತಿಂಗಳ ನಮ್ಮ ಓದಿನ ಕೂಟದಲ್ಲಿ ಯಾರು ಏನು ಹೇಳಿದರೆಂದು ಕೇಳಿದ್ದೆಯಲ್ಲ. ಫೋನಿನಲ್ಲೇ ಹೇಳಿ ಮುಗಿಸಬಹುದಾಗಿತ್ತು. ಆದರೆ ನನ್ನ ಮಾತು ಮುಗಿಯುವ ಮೊದಲೇ ನಿನ್ನ ಅಭಿಪ್ರಾಯ ಶುರುವಾಗುತ್ತದೆ, ಆಮೇಲೆ ನನ್ನದು ಯಾವುದಾಗಿತ್ತೆಂದು ನನಗೇ ನೆನಪಾಗುವುದಿಲ್ಲ. ಅದಕ್ಕಾಗಿ ಈ ಪತ್ರ. ಇದನ್ನು ಹತ್ತು ಜನರ ಕಣ್ಣಿಗೆ ಬೀಳುವಂತೆ ಹಾಕುತ್ತಿದ್ದೇನೆಂದು ಸಿಟ್ಟಾಗಬೇಡ. ನಿನಗೊಬ್ಬನಿಗೇ ಬರೆದರೆ ಉತ್ತರ ಬರುವುದಿಲ್ಲ, ಎಲ್ಲರೆದುರು ಬರೆದರೆ ಮರ್ಯಾದೆಗೆ ಅಂಜಿಯಾದರೂ ನೀನು ಬರೆಯುತ್ತೀಯ. ಓದುತ್ತಿರುವ ಉಳಿದ ಮಹನೀಯರಲ್ಲಿ ಒಂದೇ ವಿನಂತಿ: ಕುಮಟೆಯ ಕೊಡೆಯ ಪ್ರಸ್ತಾಪ ಎಲ್ಲಾದರೂ ಬಂದರೆ ಅದೇನೆಂದು ಕೇಳಬಾರದು.

ಈ ಸಲ ನಾವು ಓದಿದ್ದು ಬಾನು ಮುಷ್ತಾಕ್ ಅವರ ಕತೆಗಳನ್ನು. 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅಭಿನಂದನೆ ಹೇಳಲು ಮುಂದಾದವರಲ್ಲಿ ಎಷ್ಟು ಮಂದಿ ಆ ಕತೆಗಳನ್ನು ಓದಿದ್ದರು ಎಂಬ ಪ್ರಶ್ನೆಯನ್ನು ಮಾಸ್ತರರು ಎತ್ತಿದರು, ಎತ್ತಿದ ಮೇಲೆ ಜಗಲಿಯಲ್ಲಿ ಸ್ವಲ್ಪ ಹೊತ್ತು ಚಹದ ಕಪ್ಪುಗಳ ಸದ್ದು ಮಾತ್ರ ಕೇಳಿತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದಿರುವ ಆ ಪುಸ್ತಕದಲ್ಲಿರುವುದು 1990ರಿಂದ 2023ರ ನಡುವೆ ಬರೆದ 12 ಕತೆಗಳು. ಅಂದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವು ನಮ್ಮದೇ ಭಾಷೆಯಲ್ಲಿ, ನಮ್ಮ ಕೈಗೆಟಕುವಲ್ಲೇ ಇದ್ದವು. ಈ ಸಲದ ಕೂಟಕ್ಕೆ ನಾವು ಕನ್ನಡದಲ್ಲೇ ಓದಿಕೊಂಡು ಹೋಗಿದ್ದೆವು. ಬರೆದವರು ವಕೀಲರಲ್ಲವೇ, ಈ ಕತೆಗಳಲ್ಲಿ ವಕೀಲರ ವಾದ ಹೆಚ್ಚಾಯಿತು ಎಂದು ಮಾಸ್ತರರು ಅಂದರು. ನಿನಗೆ ಗೊತ್ತಿರುವ ಬ್ಯಾಂಕಿನ ಅಕ್ಕ ಅಷ್ಟಕ್ಕೇ ಬಿಡುತ್ತಾರೆಯೇ? ಬೇರೆಲ್ಲಿಯೂ ಬಾಯಿ ತೆರೆಯಲು ಬಿಡದ ಹೆಂಗಸರು ಕತೆಯೊಳಗಾದರೂ ವಾದ ಮಾಡಿಕೊಳ್ಳಲಿ, ನಿಮಗೇನು ಕಷ್ಟ ಎಂದು ಕೇಳಿದರು. ನನ್ನ ಅಭಿಪ್ರಾಯ ಇಬ್ಬರ ನಡುವಿನದು. ಕೆಲವು ಕತೆಗಳು ಮುಗಿಯಬೇಕಾದಲ್ಲಿ ಮುಗಿಯದೆ ಇನ್ನೂ ಅರ್ಧ ಪುಟ ಮುಂದಕ್ಕೆ ಹೋಗಿ ಬುದ್ಧಿ ಹೇಳುತ್ತವೆ. ಆದರೆ ಹೆಂಡತಿಗೊಂದು ಮಹಲು ಕಟ್ಟಿಸುತ್ತೇನೆಂದು ಊರಿಗೆಲ್ಲ ಕೇಳುವಂತೆ ಪ್ರೇಮ ಸಾರುತ್ತಿದ್ದ ಗಂಡ, ಆಕೆ ತೀರಿಕೊಂಡ ಸ್ವಲ್ಪದರಲ್ಲೇ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಕೂರುವ ಆ ಕತೆಯಿದೆಯಲ್ಲ, ಅದರಲ್ಲಿ ಸಿಟ್ಟು ಮತ್ತು ನಗು ಒಂದೇ ವಾಕ್ಯದೊಳಗೆ ಹೊಂದಿಕೊಂಡು ಕುಳಿತಿವೆ. ಅಷ್ಟು ಬರೆಯಬಲ್ಲವರಿಗೆ ಉಳಿದ ಅರ್ಧ ಪುಟಗಳನ್ನು ನಾನು ಬಡ್ಡಿಸಮೇತ ಮನ್ನಾ ಮಾಡುತ್ತೇನೆ.

ಬಾನು ಅವರ ಕತೆಗಳ ಮಟ್ಟಿಗೆ ಕೂಟದ ವರದಿ ಇಷ್ಟೇ. ಮನೆಗೆ ಬಂದ ಮೇಲೆ ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯದೇ ಒಂದು ಸಂಗತಿ. ಈ ಲೇಖಕಿ ಹಾಸನದಲ್ಲಿ ಹುಟ್ಟಿ, ಹಾಸನದಲ್ಲೇ ವಕೀಲಿ ಮಾಡಿಕೊಂಡು, ತಮ್ಮ ಸುತ್ತಲಿನವರನ್ನೇ ಬರೆದರು. ಮಸೀದಿಗೆ ಹೋಗುವ ಹಕ್ಕು ಹೆಣ್ಣುಮಕ್ಕಳಿಗೂ ಉಂಟೆಂದು ಹೇಳಿದ್ದಕ್ಕೆ 2000ದಲ್ಲಿ ಅವರು ಬಹಿಷ್ಕಾರವನ್ನು ಎದುರಿಸಬೇಕಾಯಿತು. ಬರೆದ ಮರುದಿನ ಅದೇ ಬೀದಿಯಲ್ಲಿ ಅದೇ ಜನರ ಮುಖ ನೋಡಬೇಕಾದವರ ಬರವಣಿಗೆ ಅದು. ಈ ಯೋಚನೆಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಪಾಟಿನ ಕಡೆ ತಿರುಗಿ ನೋಡಿದರೆ, ನೀನು ಮತ್ತು ನಾನು ಎದೆಗವಚಿಕೊಂಡು ಬೆಳೆದ ಪುಸ್ತಕಗಳಲ್ಲಿ ಹೆಚ್ಚಿನವು ಊರು ಬಿಟ್ಟು ಹೋದವರು ಬರೆದವು.

ಯಶವಂತ ಚಿತ್ತಾಲರು 1928ರಲ್ಲಿ ಗೋಕರ್ಣದ ಹತ್ತಿರದ ಹನೇಹಳ್ಳಿಯಲ್ಲಿ ಹುಟ್ಟಿದರು, 2014ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಈ ಎರಡರ ನಡುವಿನ ಓಡಾಟವೇ ಅವರ ಸಾಹಿತ್ಯ. ಗೋಕರ್ಣದ ಜಯಂತ ಕಾಯ್ಕಿಣಿಯವರೂ ವರ್ಷಗಟ್ಟಲೆ ಮುಂಬಯಿಯಲ್ಲಿದ್ದು ಆ ಶಹರದ ಚಾಳು, ಲೋಕಲ್ ಗಾಡಿ, ಇರಾನಿ ಹೋಟೆಲುಗಳನ್ನು ನಮ್ಮ ಭಾಷೆಗೆ ತಂದರು. ಒಬ್ಬರು ಪಾಲಿಮರ್ ವಿಜ್ಞಾನದವರು, ಇನ್ನೊಬ್ಬರು ಜೀವರಸಾಯನದವರು. ನಮ್ಮ ಜಿಲ್ಲೆಯಿಂದ ಮುಂಬಯಿಗೆ ಹೋದ ರಸಾಯನಶಾಸ್ತ್ರದ ಪದವೀಧರರೆಲ್ಲ ಕತೆಗಾರರಾಗುತ್ತಾರೆಂದು ನಂಬಿ ನೀನು ಬಿ.ಎಸ್ಸಿ. ಸೇರಿ, ಕೊನೆಗೆ ಲೆಕ್ಕಪತ್ರದ ಕೆಲಸಕ್ಕೆ ಹೋದದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಚುಟುಕಗಳ ದಿನಕರ ದೇಸಾಯಿಯವರು ಕೂಡ ಬಾಳಿನ ಬಹುಭಾಗವನ್ನು ಮುಂಬಯಿಯಲ್ಲೇ, ಕಾರ್ಮಿಕರ ನಡುವೆ ಕಳೆದವರು. ಆದರೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಇಲ್ಲಿ ಶಾಲೆಗಳನ್ನು ತೆರೆದು ಅವರು ತಮ್ಮ ಗೈರುಹಾಜರಿಯ ಸಾಲ ತೀರಿಸಿದರೆಂದು ನನಗೆ ಅನಿಸುತ್ತದೆ. ನಿನಗೆ ಆ ಯೋಚನೆ ಇದ್ದಂತೆ ಕಾಣುವುದಿಲ್ಲ.

ಹೀಗಾಗಲು ಕಾರಣ ಇದ್ದೇ ಇತ್ತು. 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ 1956ರ ತನಕ ಈ ಜಿಲ್ಲೆಗೆ ಕಚೇರಿಯೂ ಮುಂಬಯಿ, ಪರೀಕ್ಷೆಯೂ ಮುಂಬಯಿ, ನೌಕರಿಯೂ ಮುಂಬಯಿ. ಬೆಂಗಳೂರು ನಮ್ಮ ಅಜ್ಜಂದಿರಿಗೆ ಪರರಾಜ್ಯವಾಗಿತ್ತು. ಹೋದವರು ಊರನ್ನು ನೆನೆದರು, ನೆನೆದದ್ದನ್ನು ಬರೆದರು, ಬರೆದದ್ದು ಚೆನ್ನಾಗಿತ್ತು. ಇದರಲ್ಲಿ ತಕರಾರು ತೆಗೆಯುವಂಥದ್ದೇನೂ ಇಲ್ಲ.

ನನ್ನ ತಕರಾರು ಓದುಗನದು. ಊರು ಬಿಟ್ಟವನ ಕತೆಯಲ್ಲಿ ಊರಿನಲ್ಲಿ ಉಳಿದವನಿಗೆ ಯಾವ ಪಾತ್ರ ಸಿಗುತ್ತದೆಂದು ನೀನು ಯಾವತ್ತಾದರೂ ಗಮನಿಸಿದ್ದೀಯಾ? ಅವನು ಬಸ್ ಸ್ಟ್ಯಾಂಡಿಗೆ ಬಂದು ಬ್ಯಾಗು ಹಿಡಿದುಕೊಳ್ಳುತ್ತಾನೆ. ಸತ್ತವರ ಸುದ್ದಿ ಹೇಳುತ್ತಾನೆ. ಬೀಗ ತೆಗೆದುಕೊಡುತ್ತಾನೆ. ನಾಯಕ ಕಡಲನ್ನು ನೋಡುತ್ತ ತನ್ನ ಬಾಳನ್ನು ಅಳೆದುಕೊಳ್ಳುವಾಗ ಅವನು ಹಿಂದೆ ಎಲ್ಲೋ ನಿಂತು ಬೀಡಿ ಸೇದುತ್ತಿರುತ್ತಾನೆ. ಅವನೂ ಬಾಳನ್ನು ಅಳೆದುಕೊಳ್ಳುತ್ತಿರಬಹುದು ಎಂಬ ಸಂಶಯ ಕತೆಗಾರನಿಗೆ ಅಪರೂಪಕ್ಕೆ ಬರುತ್ತದೆ, ಓದುಗರಿಗೆ ಅದಕ್ಕಿಂತ ಅಪರೂಪಕ್ಕೆ. ಬಂದು ಹೋದವನ ಭಾಗ್ಯವೇ ಬೇರೆ ಮಾರಾಯ. ರವೀಂದ್ರನಾಥ ಠಾಕೂರರು ಇಪ್ಪತ್ತರ ಹರೆಯದಲ್ಲಿ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ, ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದುಕೊಂಡು ಹೋದರು. ಇವತ್ತು ಕಡಲತೀರಕ್ಕೆ ಅವರ ಹೆಸರಿದೆ. ಆ ದೋಣಿಗೆ ಹುಟ್ಟು ಹಾಕಿದವನಿಗೆ ಆ ರಾತ್ರಿ ಹೇಗಿತ್ತೋ ಯಾರೂ ಬರೆದಿಡಲಿಲ್ಲ.

ಇಷ್ಟರವರೆಗೆ ಬಂದವನು ಗೌರೀಶ ಕಾಯ್ಕಿಣಿಯವರ ಎದುರಿಗೆ ತಡೆದು ನಿಂತೆ. 1912ರಲ್ಲಿ ಗೋಕರ್ಣದಲ್ಲಿ ಹುಟ್ಟಿದ ಅವರು ಅಲ್ಲೇ ಮಾಸ್ತರಿಕೆ ಮಾಡಿಕೊಂಡಿದ್ದರು. ಚಿಂತಕ ಎಂ. ಎನ್. ರಾಯ್ ಅವರ ವಿಚಾರಗಳು, ಪಶ್ಚಿಮದ ಸಾಹಿತ್ಯ, ತತ್ತ್ವಜ್ಞಾನ, ಇವೆಲ್ಲವನ್ನೂ ಓದಿ ಕನ್ನಡದಲ್ಲಿ ಬರೆದರು. ಹೋದವರು ಊರಿನ ಕುರಿತು ಬರೆದರೆ, ಉಳಿದ ಇವರು ಲೋಕದ ಕುರಿತು ಬರೆದರು! ಹಾಗಾದರೆ ಉಳಿದವನಿಗೆ ಊರನ್ನು ಬರೆಯುವುದು ಅಷ್ಟು ಕಷ್ಟವೇ? ಮೀನು ಪೇಟೆಯಲ್ಲಿ ನಾಳೆ ಎದುರಾಗುವವರ ಕುರಿತು ಇವತ್ತು ರಾತ್ರಿ ನಿಜ ಬರೆಯಲು ಎದೆ ಬೇಕು, ಅದು ಹಾಸನದ ಆ ವಕೀಲರಿಗಿತ್ತು. ಇನ್ನು ಉಳಿಯುವುದೆಂದರೂ ಏನು? ಸೀ ಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಕಾರವಾರ, ಅಂಕೋಲೆಯ ಕಡಲಂಚಿನ ಜನ ಜಿಲ್ಲೆಯೊಳಗೇ ಉಳಿದರು, ಆದರೆ ಅವರು ಉಳಿದ ಊರೇ ಉಳಿಯಲಿಲ್ಲ. ಮುಂಬಯಿಗೆ ಹೋದವನಿಗಾದರೂ ರಜೆಯಲ್ಲಿ ಬಂದು ನೋಡಲು ಒಂದು ಹಿತ್ತಲು ಇರುತ್ತದೆ.

ಈಗ ನಿನ್ನ ಹಿತ್ತಲಿನ ಸಮಾಚಾರ. ಮಳೆ ಹಿಡಿದ ಮೇಲೆ ನಿನ್ನ ಮನೆಯ ಬಾಗಿಲು ತೆಗೆದು ಗಾಳಿ ಆಡಿಸುವ ಕೆಲಸ ನನ್ನದೇ ಆಗಿರುವುದರಿಂದ ಮಧ್ಯಾಹ್ನಗಳಲ್ಲಿ ನಾನು ಅಲ್ಲೇ ಕೂತು ಓದುತ್ತೇನೆ. ನಿನ್ನ ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು. ಒಂದೊಂದಾಗಿ ಒರೆಸುತ್ತ ಚಿತ್ತಾಲರ ‘ಶಿಕಾರಿ’ಯ ನಿನ್ನ ಹಳೆಯ ಪ್ರತಿಯನ್ನು ಕೈಗೆತ್ತಿಕೊಂಡೆ. 1979ರಲ್ಲಿ ಬಂದ ಕಾದಂಬರಿ, ನಾವು ಕಾಲೇಜಿನಲ್ಲಿ ಪಾಳಿ ಹಚ್ಚಿ ಓದಿದ್ದು. ಏನು ಆರೋಪವೆಂದೇ ಸರಿಯಾಗಿ ತಿಳಿಯದೆ ಕೆಲಸದಿಂದ ದೂರವಿಡಲ್ಪಟ್ಟ ನಾಗಪ್ಪ, ಮುಂಬಯಿಯಲ್ಲಿ ಎಲ್ಲರ ಮುಖದಲ್ಲೂ ಬೇಟೆಗಾರನನ್ನು ಕಾಣುತ್ತ, ಮನಸ್ಸಿನಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೆ ಬಂದು ಹೋಗುತ್ತಾನಲ್ಲ. ಆಗ ನಮಗೆ ಅದರಲ್ಲಿ ರುಚಿಸಿದ್ದು ಗಂಗಾವಳಿ ಹೊಳೆಯ ಆಚೆಗಿನ ಆ ಊರಿನ ಹೆಸರು ಅಚ್ಚಿನಲ್ಲಿ ಬಂದಿದೆ ಎಂಬ ಹೆಮ್ಮೆ ಮಾತ್ರ. ಈಗ ಓದಿದರೆ ಅದು ಭಯದ ಪುಸ್ತಕ. ಕಚೇರಿಯ ರಾಜಕಾರಣವನ್ನು ಹೊರಗಿನಿಂದ ನೋಡದೆ, ಹೆದರಿದ ಮನುಷ್ಯನ ತಲೆಯೊಳಗಿಂದಲೇ ಬರೆದದ್ದು. ಅವನ ಸಂಶಯದಲ್ಲಿ ಎಷ್ಟು ನಿಜ, ಎಷ್ಟು ಅವನೇ ಹೆಣೆದುಕೊಂಡದ್ದು ಎಂಬುದನ್ನು ಬಿಡಿಸಲಾಗದಂತೆ ಬರೆದಿರುವುದೇ ಅದರ ದೊಡ್ಡಸ್ತಿಕೆ ಎಂದು ಕೂಟದಲ್ಲಿ ಹೇಳಿದೆ, ಎಲ್ಲರೂ ತಲೆ ಆಡಿಸಿದರು.

ಕೂಟದಲ್ಲಿ ಹೇಳದೆ ಬಿಟ್ಟದ್ದು ಇನ್ನೊಂದಿದೆ. ಆ ಪ್ರತಿಯ ಅಂಚುಗಳಲ್ಲಿ ನೀನು ಪೆನ್ಸಿಲಿನಿಂದ ಗೀಚಿದ್ದೀಯ. ನಾಗಪ್ಪನ ಮಾತಿನ ಪಕ್ಕದಲ್ಲಿ ‘ಇದು ನಾನು’ ಎಂದು ಬರೆದಿದ್ದೀಯ. ಆಗ ನೀನಿನ್ನೂ ಮುಂಬಯಿಯನ್ನು ಕಂಡಿರಲಿಲ್ಲ! ಮತ್ತೆ ಕೆಲವು ಪುಟ ಬಿಟ್ಟು ‘ಇದು ಅಪ್ಪ’, ಇನ್ನೊಂದು ಕಡೆ ನಮ್ಮಿಬ್ಬರಿಗೂ ಗೊತ್ತಿರುವ ಹುಡುಗಿಯ ಹೆಸರಿನ ಮೊದಲಕ್ಷರ. ನಾನು ಕಾದಂಬರಿ ಓದುವುದನ್ನು ಬಿಟ್ಟು ಅಂಚುಗಳನ್ನು ಓದತೊಡಗಿದೆ. ಕೊನೆಯ ಪುಟದ ತನಕ ಹುಡುಕಿದೆ. ಆಮೇಲೆ ಕಪಾಟಿನ ಉಳಿದ ಪುಸ್ತಕಗಳಲ್ಲೂ ಹುಡುಕಿದೆ. ನಾನು ಎಲ್ಲೂ ಇರಲಿಲ್ಲ.

ನೀನು ಪ್ರತಿ ಸಲ ಮತ್ಸ್ಯಗಂಧಾ ರೈಲಿನಿಂದ ಇಳಿದು, ಊರು ಎಷ್ಟು ಬದಲಾಗಿ ಹೋಯಿತೆಂದು ಮರುಗಿ, ಕೊನೆಗೆ ನನ್ನ ಹೆಗಲು ತಟ್ಟಿ, ‘ನೀನೊಬ್ಬ ಮಾತ್ರ ಹಾಗೇ ಇದ್ದೀಯ’ ಎನ್ನುತ್ತೀಯ. ಇಷ್ಟು ವರ್ಷ ಇದನ್ನು ನಾನು ಹೊಗಳಿಕೆಯೆಂದೇ ಜಮಾ ಮಾಡಿಕೊಂಡಿದ್ದೆ. ಮತ್ತೆ ಒಂದು ಮಾತು. ಊರಿನ ಮೇಲಿನ ಪ್ರೀತಿಯಿಂದ ಇಲ್ಲೇ ಉಳಿದೆನೆಂದು ನಾನು ನಾಲ್ಕು ವೇದಿಕೆಗಳಲ್ಲಿ ಹೇಳಿದ್ದೇನೆ, ಒಮ್ಮೆ ಅದಕ್ಕೆ ಶಾಲು ಕೂಡ ಹೊದೆಸಿದ್ದಾರೆ. ನಿಜ ಹೇಳಬೇಕೆಂದರೆ ನನ್ನನ್ನು ಯಾರೂ ಕರೆಯಲಿಲ್ಲ. ಅಲ್ಲಿ ಕೆಲಸ ಸಿಕ್ಕಿದ ಮೇಲೆ ನೀನಾದರೂ ‘ಬಂದುಬಿಡು’ ಎಂದು ಒಂದು ಸಾಲು ಬರೆಯುತ್ತೀಯೆಂದು ಬಹಳ ದಿನ ಅಂಚೆಯವನ ದಾರಿ ನೋಡಿದ್ದೆ. ನೀನು ಬರೆದ ಪತ್ರಗಳೆಲ್ಲ ನನ್ನ ಹತ್ತಿರ ಇವೆ. ಅವುಗಳಲ್ಲಿ ಕಡಲು ಹೇಗಿದೆ, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಸಿಗಡಿ ಬಂತೇ ಎಂದೆಲ್ಲ ಕೇಳಿದ್ದೀಯ.

ನೋಡು, ಪುಸ್ತಕದ ಅಭಿಪ್ರಾಯ ಬರೆಯಲು ಕೂತವನು ಎಲ್ಲಿಗೆ ಬಂದೆ. ಹಿಂದಿನ ಪ್ಯಾರಾವನ್ನು ಅಳಿಸಿಬಿಡೋಣವೆಂದುಕೊಂಡೆ; ಆದರೆ ಅದರೊಳಗಿನ ‘ಜಮಾ ಮಾಡಿಕೊಂಡಿದ್ದೆ’ ಎಂಬುದು ನನಗೇ ಹಿಡಿಸಿತು, ಲೇಖಕನಿಗಿರಬೇಕಾದ ದುರಾಸೆ ಬರೆಯದವನಿಗೂ ಇರುತ್ತದಲ್ಲ. ಅದಲ್ಲದೆ ನೀನು ಕರೆದು, ನಾನು ಬಂದಿದ್ದರೆ, ಡೊಂಬಿವಲಿಯ ಆ ಒಂದೂವರೆ ಕೋಣೆಯಲ್ಲಿ ನನ್ನ ಗೊರಕೆಗೆ ನೀನು ವಾರದೊಳಗೆ ನಾಗಪ್ಪನಾಗುತ್ತಿದ್ದೆ, ಶಿಕಾರಿ ನನ್ನದಾಗುತ್ತಿತ್ತು. ಕುಮಟೆಯ ಕೊಡೆಯ ಪ್ರಕರಣದಲ್ಲೇ ನಮ್ಮ ಸಹಬಾಳ್ವೆಯ ಯೋಗ್ಯತೆ ಬಯಲಾಗಿತ್ತಲ್ಲ.

ಕೆಲಸದ ಮಾತುಗಳು: ಕಪಾಟಿನ ಕೆಳಗಿನ ಹಲಗೆಗೆ ಒರಲೆ ಹತ್ತಿದೆ, ಸೀಮೆಎಣ್ಣೆ ಸಿಗುವುದಿಲ್ಲ, ಔಷಧಿ ಹೊಡೆಸುತ್ತೇನೆ. ಮನೆಯ ಕರ ತುಂಬಿದ್ದೇನೆ, ದುಡ್ಡು ಕಳಿಸು. ಮುಂದಿನ ಕೂಟಕ್ಕೆ ಪುಸ್ತಕ ಆರಿಸುವ ಪಾಳಿ ನಿನ್ನದು. ಮಾಸ್ತರರ ಕಣ್ಣಿನ ಪೊರೆ ತೆಗೆದಿರುವುದರಿಂದ ದಪ್ಪ ಪುಸ್ತಕ ಬೇಡ, ಸಣ್ಣ ಅಕ್ಷರದ್ದೂ ಬೇಡ. ಊರು ಬಿಟ್ಟವರದ್ದಾದರೂ ಅಡ್ಡಿಯಿಲ್ಲ. ನೀನು ಹೋದ ಬಾರಿ ಒಯ್ದ ಪುಸ್ತಕವನ್ನು ಅವರು ಮತ್ತೆ ಕೇಳಿದರು. ಅಂಚೆಗೆ ಹಾಕಿದ್ದಾನೆ, ದಾರಿಯಲ್ಲಿದೆ ಎಂದು ನಾನು ಹೇಳಿಯಾಗಿದೆ. ಇದನ್ನು ಅವರೂ ಓದುತ್ತಾರೆ, ಆದ್ದರಿಂದ ಇವತ್ತೇ ಅಂಚೆಗೆ ಹಾಕು.

ನಿನ್ನ,
ಕೀಲಿಯವನು