ರಜೆಯ ಓದು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ರಜೆ ಮುಗಿಯಲು ಇನ್ನು ನಾಲ್ಕೇ ದಿನಗಳಿವೆ. ಪರೀಕ್ಷೆ ಮುಗಿದ ಮರುದಿನ ನನ್ನ ಮೇಜಿನ ಮೇಲೆ ಪೇರಿಸಿಟ್ಟಿದ್ದ ಹದಿನಾಲ್ಕು ಕಾದಂಬರಿಗಳನ್ನು ನೀನು ನೋಡಿದ್ದೆಯಲ್ಲ, ಅವುಗಳಲ್ಲಿ ಒಂಬತ್ತನ್ನು ಓದಿದ್ದೇನೆ. ಉಳಿದ ಐದನ್ನು ಬೇಕೆಂದೇ ಬಿಟ್ಟೆ. ಏಕೆಂದು ನಿನಗೆ ತಿಳಿಸಬೇಕೆನಿಸಿತು.

ಮೊದಲ ಎರಡು ವಾರ ನಾನು ಓದಿದ ರೀತಿಯನ್ನು ನೆನೆದರೆ ಈಗ ಬೇಸರವಾಗುತ್ತದೆ. ಒಂದು ಪುಸ್ತಕದ ಕೊನೆಯ ಪುಟ ಮುಗಿದ ಗಳಿಗೆಯಲ್ಲೇ ಇನ್ನೊಂದರ ಮೊದಲ ಪುಟ ತೆರೆಯುತ್ತಿದ್ದೆ. ಹೀಗೆ ಐದು ಕಾದಂಬರಿಗಳು ಮುಗಿದಾಗ, ಒಂದರಲ್ಲಿ ತಾಯಿ ಆಡಿದ ಮಾತನ್ನು ಮತ್ತೊಂದರ ಅತ್ತೆಯ ಮಾತೆಂದು ನೆನಪಿಟ್ಟುಕೊಂಡಿದ್ದೆ. ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ 1866ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಕಂತುಗಳಾಗಿ ಬಂದ ಕೃತಿ. ಅಂದಿನ ಓದುಗರು ಕಥಾನಾಯಕ ರಾಸ್ಕೋಲ್ನಿಕೋವ್‌ನ ಗತಿಯೇನೆಂದು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕಾಗಿದ್ದರೆ, ನಾನು ನಾಲ್ಕು ದಿನಗಳಲ್ಲಿ ಅದನ್ನು ಮುಗಿಸಿ ಬದಿಗಿಟ್ಟೆ. ಅದರಲ್ಲಿ ಕೊಲೆ ಮೊದಲ ಭಾಗದಲ್ಲೇ ನಡೆದುಹೋಗುತ್ತದೆ. ಆಮೇಲಿನ ಐದು ಭಾಗಗಳೆಲ್ಲ ಕೊಲೆಗಾರನ ಒಳಗಿನ ತಳಮಳ. ಅಂಥ ಪುಸ್ತಕವನ್ನು ಮುಂದೇನಾಯಿತೆಂಬ ಆತುರದಲ್ಲಿ ಓದಿದವನಿಗೆ ದಕ್ಕಿದ್ದು ಬಹಳ ಕಡಿಮೆ.

ನನ್ನನ್ನು ತಡೆದು ನಿಲ್ಲಿಸಿದ್ದು ಆ ರಾಶಿಯಲ್ಲೇ ಅತ್ಯಂತ ತೆಳ್ಳಗಿದ್ದ, ಅನಂತಮೂರ್ತಿಯವರ ‘ಸಂಸ್ಕಾರ’. ನಾರಣಪ್ಪನ ಶವ ದಹನವಾಗದೆ ಬಿದ್ದಿದೆ, ಅಗ್ರಹಾರ ಉಪವಾಸವಿದೆ, ಅವನ ಸಂಸ್ಕಾರ ಯಾರು ಮಾಡಬೇಕೆಂದು ನಿರ್ಣಯ ಹೇಳಬೇಕಾದ ಪ್ರಾಣೇಶಾಚಾರ್ಯರಿಗೆ ಗ್ರಂಥಗಳಲ್ಲಿ ಉತ್ತರ ಸಿಗುತ್ತಿಲ್ಲ. ಒಂದೇ ದಿನದಲ್ಲಿ ಓದಿದೆನಾದರೂ, ಆಚಾರ್ಯರು ಊರಿನ ಕಡೆ ಹೊರಟಲ್ಲಿಗೇ ಕಥೆ ನಿಂತುಬಿಡುವುದರಿಂದ, ಅವರು ಅಲ್ಲಿ ಹೋಗಿ ಏನು ಹೇಳಿರಬಹುದೆಂದು ಯೋಚಿಸುತ್ತ ಮೂರು ದಿನ ಬೇರೆ ಪುಸ್ತಕ ಮುಟ್ಟಲಾಗಲಿಲ್ಲ. ಆ ಮೂರು ದಿನಗಳೂ ಓದಿನ ದಿನಗಳೇ ಆಗಿದ್ದವೆಂದು ನನಗೆ ತಿಳಿದದ್ದು ನಿಧಾನವಾಗಿ.

ಅನಂತರ ಕುವೆಂಪು ಅವರ ಎರಡು ಕಾದಂಬರಿಗಳನ್ನು ಕೈಗೆತ್ತಿಕೊಂಡೆ. ‘ಕಾನೂರು ಹೆಗ್ಗಡಿತಿ’ ಪ್ರಕಟವಾದದ್ದು 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ಲೇಖಕರು ಮೂವತ್ತೊಂದು ವರ್ಷಗಳಲ್ಲಿ ನಡೆದುಬಂದ ದಾರಿಯನ್ನು ಒಂದೇ ಉಸಿರಿನಲ್ಲಿ ದಾಟುವುದು ಸರಿಯಲ್ಲವೆನಿಸಿ, ಎರಡರ ನಡುವೆ ಒಂದು ವಾರ ಸುಮ್ಮನಿದ್ದೆ. ಆ ಬಿಡುವು ಇರದಿದ್ದರೆ ಎರಡನೆಯದರ ಬೆರಗು ನನಗೆ ಕಾಣುತ್ತಲೇ ಇರಲಿಲ್ಲವೇನೋ. ಮೊದಲನೆಯದರಲ್ಲಿ ವಿದ್ಯಾವಂತನಾದ ಹೂವಯ್ಯನ ಕೈ ಹಿಡಿದೇ ನಾನು ಆ ಕಾಡಿನೊಳಗೆ ಹೋಗಿದ್ದೆ. ಎರಡನೆಯದರಲ್ಲಿ ಹಾಗೆ ಹಿಡಿಯಲು ಯಾರ ಕೈಯೂ ಇಲ್ಲ; ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ, ಹೀಗೆ ಒಬ್ಬೊಬ್ಬರ ಹಿಂದೆಯೂ ಅಷ್ಟೇ ಅಕ್ಕರೆಯಿಂದ ಕಥೆ ಹೆಜ್ಜೆ ಹಾಕುತ್ತದೆ. ಗುತ್ತಿಯ ನಾಯಿ ಹುಲಿಯನಿಗೂ ಅದೇ ಅಕ್ಕರೆ. ಉಕ್ಕಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋದ ಪುಟ ಓದಿದ ಮಧ್ಯಾಹ್ನ ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಏಳುನೂರು ಪುಟಗಳಷ್ಟು ದೂರ ಅವನ ಜೊತೆ ನಡೆಯದಿದ್ದರೆ ಆ ದುಃಖ ಬರುತ್ತಿರಲಿಲ್ಲ. ಇದನ್ನು ಯಾರಾದರೂ ಸಾರಾಂಶವಾಗಿ ಹೇಳಿದ್ದರೆ ಒಂದು ನಾಯಿ ಸತ್ತಿತೆಂದಷ್ಟೇ ಕೇಳಿಸುತ್ತಿತ್ತು.

ಒಂಬತ್ತನೆಯದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ನೀನು ಓದಲೇಬೇಕೆಂದು ಹೇಳಿ ಕೊಟ್ಟಿದ್ದ ಭೈರಪ್ಪನವರ ‘ಪರ್ವ’ವನ್ನು ಮಾತ್ರ ಇನ್ನೂ ತೆರೆದಿಲ್ಲ, ಕೋಪಿಸಿಕೊಳ್ಳಬೇಡ. ಅದನ್ನು ಈ ನಾಲ್ಕು ದಿನಗಳಲ್ಲಿ ತುರುಕಲು ಮನಸ್ಸಾಗಲಿಲ್ಲ. ಮುಂದಿನ ರಜೆಗೆಂದು ಎತ್ತಿಟ್ಟಿದ್ದೇನೆ.

‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ನೀನು ನನಗಿಂತ ಮೊದಲೇ ಓದಿದವನು. ಹುಲಿಯನ ಪುಟದ ಬಳಿ ನೀನೂ ಪುಸ್ತಕ ಮುಚ್ಚಿದ್ದೆಯೋ, ಅಥವಾ ಮುಂದಕ್ಕೆ ಓದಲು ನಿನ್ನಿಂದ ಸಾಧ್ಯವಾಯಿತೋ? ತಪ್ಪದೆ ಬರೆ.

ನಿನ್ನ ಪ್ರೀತಿಯ,
ಗೆಳೆಯ