ಬಿಂಗ್ ಚೆರಿಗೆ ಜೊತೆಗಿಡ ಬೇಕು

ಮಾನ್ಯ ಸಂಪಾದಕರೇ,

ಸಮಶೀತೋಷ್ಣ ವಲಯದ ಕೈತೋಟಗಳಲ್ಲಿ ಚೆರಿ ಬೆಳೆಯುವ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನ ಉಪಯುಕ್ತವಾಗಿತ್ತಾದರೂ, ಬಿಂಗ್ ತಳಿಯ ಒಂದೇ ಗಿಡ ನೆಟ್ಟರೆ ಸಾಕೆಂಬ ಭಾವನೆ ಮೂಡಿಸುವಂತಿದೆ. 1875ರ ಸುಮಾರಿಗೆ ಅಮೆರಿಕದ ಆರೆಗಾನ್‌ನಲ್ಲಿ ರೂಪುಗೊಂಡ ಈ ಕಡುಗೆಂಪು ತಳಿಯ ಹೂವು ತನ್ನದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ. ಅದೇ ಹೊತ್ತಿಗೆ ಅರಳುವ ಬೇರೊಂದು ತಳಿ ಜೇನುನೊಣಗಳಿಗೆ ಎಟಕುವಷ್ಟು ಹತ್ತಿರದಲ್ಲಿರಬೇಕು. ಅದೂ ಯಾವುದಾದರೂ ಆದೀತು ಎನ್ನುವಂತಿಲ್ಲ. ಲ್ಯಾಂಬರ್ಟ್ ಮತ್ತು ನೆಪೋಲಿಯನ್ ತಳಿಗಳು ಬಿಂಗ್‌ನ ಪರಾಗ ಗುಂಪಿಗೇ, ಅಂದರೆ ಒಂದರ ಪರಾಗ ಇನ್ನೊಂದಕ್ಕೆ ಫಲಿಸದ ತಳಿಗಳ ಗುಂಪಿಗೇ, ಸೇರಿರುವುದರಿಂದ ಮೂರನ್ನೂ ಒಟ್ಟಿಗೆ ನೆಟ್ಟರೂ ಪ್ರಯೋಜನವಿಲ್ಲ. ಜಾಗ ಕಡಿಮೆಯಿದ್ದವರು ಬಿಂಗ್‌ನ ಹಟ ಬಿಟ್ಟು, ಕೆನಡಾದಲ್ಲಿ ಅಭಿವೃದ್ಧಿಪಡಿಸಿದ, ಒಂಟಿಯಾಗಿಯೇ ಫಲ ಕೊಡುವ ಸ್ಟೆಲ್ಲಾ ಅಥವಾ ಲ್ಯಾಪಿನ್ಸ್ ನೆಡುವುದು ಲೇಸೆಂದು ನನ್ನ ಅಭಿಪ್ರಾಯ.

ಮಳೆಯ ವಿಚಾರವನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿರುವುದೂ ಸರಿಯಲ್ಲ. ಹಣ್ಣು ಕಪ್ಪೇರುವ ಕೊನೆಯ ವಾರಗಳಲ್ಲಿ ಮಳೆ ಸುರಿದರೆ, ತೊಟ್ಟಿನ ಕುಳಿಯಲ್ಲಿ ನಿಂತ ನೀರನ್ನು ಹಣ್ಣು ಸಿಪ್ಪೆಯ ಮೂಲಕವೇ ಹೀರಿಕೊಂಡು, ಅಲ್ಲಿ ಅರ್ಧಚಂದ್ರಾಕಾರದ ಬಿರುಕು ಬಿಟ್ಟು, ಬೇಗನೆ ಬೂಷ್ಟು ಹಿಡಿಯುತ್ತದೆ. ಆ ಅವಧಿಗೆ ಗಿಡದ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟುವುದು ಒಳ್ಳೆಯದು. ಹಕ್ಕಿಗಳನ್ನು ತಡೆಯಲು ಬಲೆಯಂತೂ ಬೇಕೇ ಬೇಕು. ಕೊಂಬೆ ಸವರುವುದನ್ನು ಚಳಿಗಾಲದ ಬದಲು ಕೊಯ್ಲಿನ ನಂತರ ಒಣಹವೆಯಲ್ಲಿ ಮಾಡಿದರೆ ಗಾಯಗಳಿಗೆ ರೋಗ ತಗಲುವ ಸಂಭವ ಕಡಿಮೆ.

ಇತಿ,
ತಮ್ಮ ಓದುಗ